ನಾಯಿ ಸಾಕಿದವರ ಹಬ್ಬದ ಬುಟ್ಟಿ

ಕಡೂರಿನ ಹಳಬರಲ್ಲಿ ಒಂದಿಬ್ಬರು ನನ್ನನ್ನು ಇನ್ನೂ ‘ನಾಯಿ ಬಾಗಿನದ ಟೀಚರು’ ಎಂದೇ ಹೇಳುತ್ತಾರಂತೆ. ಹೇಳಲಿ. ಆ ಬಿರುದನ್ನು ನಾನು ಕೇಳಿ ಪಡೆದದ್ದಲ್ಲ, ಆದರೆ ಸಿಕ್ಕಿದ ಮೇಲೆ ಬಿಟ್ಟುಕೊಡುವ ಮನಸ್ಸೂ ಇಲ್ಲ. ಎಪ್ಪತ್ತರ ದಶಕದ ಕೊನೆಯ ಒಂದು ದೀಪಾವಳಿಯಲ್ಲಿ ನಾನು ಹನ್ನೆರಡು ಬಿದಿರು ಬುಟ್ಟಿಗಳನ್ನು ತುಂಬಿಸಿ, ನಾಯಿ ಸಾಕಿದವರ ಮನೆಮನೆಗೆ ಹೋಗಿ ಕೊಟ್ಟುಬಂದೆ. ಕೆಲವರು ನಕ್ಕರು. ಕೆಲವರು ಮಾತು ಬಿಟ್ಟರು. ಇದ್ದ ಮನೆಯನ್ನೂ ಖಾಲಿ ಮಾಡಬೇಕಾಯಿತು. ಇಷ್ಟು ವರ್ಷವಾದ ಮೇಲೂ ಆ ಕೆಲಸ ತಪ್ಪೆಂದು ನನಗೆ ಒಂದು ದಿನವೂ ಅನಿಸಿಲ್ಲವಾದ್ದರಿಂದ ಅದು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತೇಳು ವರ್ಷ. ಅಜ್ಜಂಪುರದ ಶಾಲೆಯೊಂದರಲ್ಲಿ ಟೀಚರು. ಇರುತ್ತಿದ್ದುದು ಕಡೂರಿನಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದ ಒಂದು ವಠಾರದಲ್ಲಿ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬೀರೂರು ದಾಟಿ ಅಜ್ಜಂಪುರಕ್ಕೆ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ನಾನು, ಅವ್ವ ಮತ್ತು ಒಂದು ನಾಯಿ.

ನಾಯಿಯನ್ನು ನಾನೇನು ಹುಡುಕಿಕೊಂಡು ಹೋಗಿ ತಂದದ್ದಲ್ಲ. ಅಜ್ಜಂಪುರದ ಪ್ಲಾಟ್‌ಫಾರ್ಮಿನಲ್ಲಿ ಒಂದು ಸಂಜೆ ಕೆಂಚು ಬಣ್ಣದ ಹೆಣ್ಣು ಮರಿಯೊಂದು ನನ್ನ ಸೀರೆಯ ಅಂಚು ಹಿಡಿದುಕೊಂಡಿತು. ನಾಲ್ಕು ಕಾಲಿನಲ್ಲಿ ಒಂದಕ್ಕೆ ಮಾತ್ರ ಬಿಳಿ ಕಾಲುಚೀಲ ತೊಟ್ಟ ಹಾಗಿತ್ತು. ಗಾಡಿ ಹೊರಡುವ ಹೊತ್ತಿಗೂ ಬಿಡಲಿಲ್ಲ. ಎತ್ತಿ ಬುತ್ತಿಯ ಚೀಲದಲ್ಲಿ ಹಾಕಿಕೊಂಡೆ. ಅವ್ವ ಎರಡು ದಿನ ಮುಖ ಗಂಟಿಕ್ಕಿದಳು. ಮೂರನೆಯ ದಿನ ಅವಳೇ ಅದಕ್ಕೆ ಮಜ್ಜಿಗೆ ಅನ್ನ ಕಲಸುತ್ತಿದ್ದಳು. ಮದುವೆಯಾಗದ ಹೆಣ್ಣು ನಾಯಿ ಸಾಕಿದರೆ ನೆರೆಹೊರೆಯವರಿಗೆ ಆಡಿಕೊಳ್ಳಲು ಒಂದರ ಬದಲು ಎರಡು ವಿಷಯ ಸಿಗುತ್ತದೆ. ಸಿಗಲಿ ಎಂದು ಬಿಟ್ಟಿದ್ದೆ.

ವಠಾರದ ಒಡೆಯರನ್ನು ಎಲ್ಲರೂ ಸಾಹುಕಾರ್ರು ಎನ್ನುತ್ತಿದ್ದರು. ಪೇಟೆಯಲ್ಲಿ ಅವರದು ಕೊಬ್ಬರಿ ಮಂಡಿ. ಹಣೆಯ ತುಂಬ ವಿಭೂತಿ, ದಿನಕ್ಕೆ ಎರಡು ಸಲ ಪೂಜೆ, ಮಠಕ್ಕೆ ನಡೆದುಕೊಳ್ಳುವ ಮನೆತನ. ನಾವೂ ಅವರ ಪೈಕಿಯೇ ಎಂದು ಮನೆ ಕೊಟ್ಟಿದ್ದರು. ನಾಯಿ ಬಂದಾಗ ‘ಹಿತ್ತಲಲ್ಲಿ ಕಟ್ಟಾಕ್ಕೊಳ್ಳಿ, ಮುಂದಕ್ಕೆ ಬರಬಾರ್ದು’ ಎಂದಷ್ಟೇ ಹೇಳಿದ್ದರು. ಕೆಟ್ಟ ಮನುಷ್ಯರು ಎಂದು ನಾನು ಹೇಳಲಾರೆ. ಅಪ್ಪನ ತಿಥಿಗೆ ಪ್ರತಿವರ್ಷ ಕೇಳದೆಯೇ ತೆಂಗಿನಕಾಯಿ ಕಳಿಸುತ್ತಿದ್ದವರು.

ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹುಚ್ಚುನಾಯಿ ಮೂವರನ್ನು ಕಚ್ಚಿತು. ಮೂವರೂ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡು ಉಳಿದುಕೊಂಡರು. ನಾಯಿಯನ್ನು ಜನ ಹೊಡೆದು ಹಾಕಿದರು. ಆದರೆ ಭಯ ಸಾಯಲಿಲ್ಲ. ಬೀದಿಯಲ್ಲಿ ಯಾವ ನಾಯಿ ನಾಲಿಗೆ ಚಾಚಿಕೊಂಡು ಕೂತರೂ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸಾಹುಕಾರ್ರ ಜಗಲಿಯಲ್ಲಿ ಬೀದಿಯ ಹಿರಿಯರು ಸೇರಿ ಏನೋ ಮಾತಾಡಿದ್ದು ನಮಗೂ ಕೇಳಿಸಿತ್ತು. ಏನೆಂದು ಗೊತ್ತಾದದ್ದು ದಸರಾ ಮುಗಿದ ವಾರ.

ಬೆಳಿಗ್ಗೆ ಗಾಡಿಗೆಂದು ಹೊರಟವಳಿಗೆ ಬೀದಿಯಲ್ಲಿ ಅಲ್ಲಲ್ಲಿ ನಾಯಿಗಳು ಸತ್ತು ಬಿದ್ದಿದ್ದು ಕಂಡಿತು. ಯಾರೋ ವಿಷ ಹಾಕಿದ ಬೋಂಡ ಎಸೆದು ಹೋಗಿದ್ದರು. ರೈಲ್ವೆ ಗೇಟಿನ ಹತ್ತಿರ ಒಬ್ಬ ಮುದುಕ ನೆಲದ ಮೇಲೆ ಕೂತಿದ್ದ. ಅವನನ್ನು ನಾನು ದಿನಾ ನೋಡುತ್ತಿದ್ದೆ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತನಾದವನು, ಹೆಂಡತಿ ಹೋಗಿ ಒಂಟಿಯಾಗಿದ್ದವನು. ತನ್ನ ಹಳೆಯ ಖಾಕಿ ಕೋಟಿನಲ್ಲಿ ನಾಯಿಯನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಒಂದು ಕಿವಿ ಮಾತ್ರ ಹೊರಗಿತ್ತು.

“ಒಂಬತ್ ವರ್ಸ ಲೈನ್ ಮ್ಯಾಗೆ ನನ್ ಜೊತೇಲಿ ನಡೀತು ಕಣವ್ವ” ಎಂದ. “ಗಾಡಿ ಬರೋದು ನಂಗಿಂತ ಮೊದ್ಲು ಅದಕ್ ಗೊತ್ತಾಗದು. ಹಳಿ ಬಿಟ್ಟು ಇಳಿಯೋದು. ಅದು ಇಳಿದ್ರೆ ನಾನೂ ಇಳಿಯೋನು.”

“ಯಾರನ್ನಾದ್ರೂ ಕೇಳಿದ್ರಾ?”

“ಕೇಳ್ದೆ. ಕೊಳ್ಳಾಗೆ ಬೆಲ್ಟ್ ಇರ್ಲಿಲ್ಲ, ಬೀದಿ ನಾಯಿ ಅನ್ಕೊಂಡ್ವಿ ಅಂದ್ರು.”

ಅಷ್ಟು ಹೇಳಿ ಅವನು ಕೋಟಿನ ಅಂಚನ್ನು ಆ ಕಿವಿಯ ಮೇಲೆ ಎಳೆದ. ಗಾಡಿ ಬಂತು, ಹೋಯಿತು. ನಾನು ಹತ್ತಲಿಲ್ಲ. ನೌಕರಿಗೆ ಸೇರಿದ ಮೇಲೆ ಹೇಳದೆ ಕೇಳದೆ ರಜೆ ಹಾಕಿದ್ದು ಅದೇ ಮೊದಲು. ಅವನ ಮನೆಯ ಹಿಂದೆ ಹೊಂಗೆ ಮರದ ಬುಡದಲ್ಲಿ ಗುಂಡಿ ತೋಡಿದೆವು. ಹಾರೆ ಹಿಡಿದು ನನಗೆ ಅಭ್ಯಾಸವಿರಲಿಲ್ಲ, ಅಂಗೈ ಬೊಬ್ಬೆ ಎದ್ದಿತು. ಮನೆಗೆ ಬಂದಾಗ ಅವ್ವ ಕೈ ನೋಡಿ ಕೊಬ್ಬರಿ ಎಣ್ಣೆ ಹಚ್ಚಿದಳು.

ಸಂಜೆ ಸಾಹುಕಾರ್ರ ಜಗಲಿಗೆ ಹೋದೆ. ಅವರು ಅಡಿಕೆ ಕತ್ತರಿಸುತ್ತ ಕೂತಿದ್ದರು.

“ಬೋಂಡ ಹಾಕಿಸಿದ್ದು ನೀವಾ?” ಎಂದು ನೇರವಾಗಿ ಕೇಳಿದೆ.

ಅವರು ತಪ್ಪಿಸಿಕೊಳ್ಳಲು ನೋಡಲಿಲ್ಲ. “ನಾನೇ. ಬೀದೀಲಿ ಮಕ್ಳು ಮರಿ ಓಡಾಡ್ತವೆ. ಯಾರಾದ್ರೂ ಒಬ್ರು ಮಾಡ್ಬೇಕಲ್ಲಮ್ಮ.”

“ಗೇಟಿನ ಹತ್ರದ ಅಜ್ಜನ ನಾಯಿ ಸಾಕಿದ ನಾಯಿ.”

“ಸಾಕಿದ್ದು ಅಂತ ಹಣೇಲಿ ಬರ್ದಿರುತ್ತಾ? ಬೆಲ್ಟಿಲ್ಲದ ನಾಯಿ ಬೀದಿ ನಾಯಿನೇ. ದೀಪಾವಳಿ ಮುಗೀಲಿ, ಉಳಿದಿರೋವಕ್ಕೂ ಇನ್ನೊಂದ್ಸಲ ಹಾಕಿಸ್ತೀನಿ. ನಿಮ್ದನ್ನ ಒಳಗೆ ಕಟ್ಕೊಳ್ಳಿ.”

“ಬೆಲ್ಟಿದ್ರೆ?”

“ಬೆಲ್ಟಿದ್ರೆ ಯಾರ್ದೋ ಮನೇದು ಅಂತ ಬಿಡ್ತೀವಪ್ಪ. ನಾವೇನು ಕಟುಕರಾ?”

ಅವರು ಆಡಿದ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ದೀಪಾವಳಿಗೆ ಇನ್ನು ಮೂರು ವಾರವೂ ಇರಲಿಲ್ಲ.

ಬರೀ ಬೆಲ್ಟು ಹೊಲಿಸಿ ಹಂಚಿದ್ದರೆ ಇದು ಕತೆಯೇ ಆಗುತ್ತಿರಲಿಲ್ಲ. ಆದರೆ ಬಡವರ ಮನೆಗೆ ಹೋಗಿ ‘ತಗೊಳ್ಳಿ, ನಿಮ್ಮ ನಾಯಿಗೆ ಇದನ್ನು ಕಟ್ಟಿ, ಇಲ್ಲದಿದ್ದರೆ ಸಾಯಿಸುತ್ತಾರೆ’ ಎಂದು ಹೇಗೆ ಹೇಳುವುದು? ಅದು ದಾನ ಕೊಟ್ಟ ಹಾಗೂ ಆಗುತ್ತದೆ, ಬೆದರಿಸಿದ ಹಾಗೂ ಆಗುತ್ತದೆ. ಸಾಹುಕಾರ್ರ ಮನೆಯಿಂದ ಪ್ರತಿ ದೀಪಾವಳಿಗೆ ದೊಡ್ಡ ದೊಡ್ಡ ಆಫೀಸರುಗಳ ಮನೆಗೆ ಹಣ್ಣಿನ ಬುಟ್ಟಿ ಹೋಗುತ್ತಿತ್ತು. ಬಣ್ಣದ ಕಾಗದ, ಮೇಲೊಂದು ಹಾರ, ಎಲೆ ಅಡಿಕೆ. ಹಬ್ಬದ ಬುಟ್ಟಿಯನ್ನು ಯಾರೂ ಬೇಡವೆನ್ನುವುದಿಲ್ಲ. ಅದು ಬಂದ ಮನೆಗೆ ಒಂದು ಮರ್ಯಾದೆ ಇದೆ ಎಂದು ಊರಿಗೆ ಗೊತ್ತಾಗುತ್ತದೆ. ಆಫೀಸರರಿಗೆ ಬುಟ್ಟಿ ಹೋಗುವುದಾದರೆ ನಾಯಿ ಸಾಕಿದವರಿಗೂ ಹೋಗಲಿ ಎಂದುಕೊಂಡೆ. ಬಲಿಪಾಡ್ಯಮಿಯ ದಿನ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಪೂಜೆ ಮಾಡುತ್ತೇವೆ. ಅದೇ ಕೊಟ್ಟಿಗೆಯನ್ನು ವರ್ಷವೆಲ್ಲ ಕಾಯುವ ನಾಯಿಗೆ ಅವತ್ತೂ ಕಲ್ಲೇಟು. ಈ ಲೆಕ್ಕ ನನಗೆ ಯಾವತ್ತೂ ಅರ್ಥವಾಗಿರಲಿಲ್ಲ.

ಯಾರ ಮನೆಯಲ್ಲಿ ನಾಯಿ ಇದೆ ಎಂದು ತಿಳಿದಿದ್ದವನು ಗ್ಯಾಂಗ್‌ಮನ್ ಅಜ್ಜ. ಅವನಿಗೆ ವಿಷಯ ಹೇಳಿದೆ. ಅವನು ಬೆರಳು ಮಡಚುತ್ತ ಮನೆಗಳನ್ನು ಹೇಳಿದ. ನಮ್ಮದನ್ನು ಬಿಟ್ಟು ಹನ್ನೊಂದಾಯಿತು. ಹನ್ನೊಂದನೆಯದು ಸಾಹುಕಾರ್ರ ಮಂಡಿಯದೇ. ಕೊಬ್ಬರಿ ಮೂಟೆ ಕಾಯಲು ಅಲ್ಲಿ ಒಂದು ಕರಿ ನಾಯಿಯಿತ್ತು, ಮಂಡಿಯ ಕಾವಲುಗಾರ ಅದನ್ನು ಹಗ್ಗದಲ್ಲಿ ಕಟ್ಟಿ ನೋಡಿಕೊಳ್ಳುತ್ತಿದ್ದ. ಅದರ ಕೊರಳಲ್ಲೂ ಬೆಲ್ಟಿರಲಿಲ್ಲ.

ಅಜ್ಜಂಪುರದ ಸ್ಟೇಷನ್ನಿನ ಹೊರಗೆ ಒಬ್ಬ ವಯಸ್ಸಾದ ಮೋಚಿ ಕೂರುತ್ತಿದ್ದ. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತಾಗಲೆಲ್ಲ ಹೊಲಿದುಕೊಡುತ್ತಿದ್ದವನು. ಹನ್ನೆರಡು ಬೆಲ್ಟು ಬೇಕು ಎಂದಾಗ ಅವನು ಕೆಲಸ ನಿಲ್ಲಿಸಿ ನನ್ನನ್ನು ನೋಡಿದ.

“ಅಳ್ತೆ ಇಲ್ದೆ ಹೆಂಗವ್ವ ಹೊಲೀಲಿ? ನಾಯಿ ಕತ್ತು ಎಲ್ಲ ಒಂದೇ ಸಮ ಇರ್ತದಾ?”

ಹಾಗಾಗಿ ಒಂದು ಭಾನುವಾರ ನಾನೂ ಅಜ್ಜನೂ ಮನೆಮನೆಗೆ ಹೋಗಿ ನಾಯಿಗಳ ಕೊರಳಿಗೆ ದಾರ ಸುತ್ತಿ ಅಳತೆ ತೆಗೆದೆವು. ಒಂದೊಂದು ದಾರಕ್ಕೂ ಒಂದೊಂದು ಚೀಟಿ ಕಟ್ಟಿದೆ. ಯಾಕೆ ಎಂದು ಕೇಳಿದವರಿಗೆ ಹಬ್ಬದ ವಿಷಯ, ಆಮೇಲೆ ಗೊತ್ತಾಗುತ್ತೆ ಎಂದೆವು. ಮರುದಿನ ಗಾಡಿಯಲ್ಲಿ ಆ ದಾರಗಳನ್ನು ಬಿಡಿಸಿಕೊಳ್ಳುತ್ತ ಕೂತಿದ್ದಾಗ ದಿನಾ ಜೊತೆಯಲ್ಲಿ ಬರುವ ಇನ್ನೊಬ್ಬ ಟೀಚರು ವಿಚಾರಿಸಿದಳು. ಹೇಳಿದೆ. ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. “ನಾಯಿಗೆ ಸರ ಮಾಡಿಸೋ ಮೊದ್ಲು ನಿನ್ನ ಕೊರಳಿಗೆ ಒಂದು ತಾಳಿ ನೋಡ್ಕೋಬಾರ್ದಾ” ಎಂದು ಅವಳು ನಗುತ್ತಲೇ ಅಂದಳು. “ನನಗೆ ಯಾರೂ ವಿಷ ಹಾಕ್ತಾ ಇಲ್ಲವಲ್ಲ” ಎಂದೆ.

ಬೆಲ್ಟು ಕಟ್ಟಿದರೆ ವಿಷದಿಂದ ತಪ್ಪಿಸಬಹುದು. ಹುಚ್ಚಿನಿಂದ? ಸಾಹುಕಾರ್ರ ಭಯ ಸುಳ್ಳೇನಲ್ಲ ಎಂಬುದು ನನಗೂ ಗೊತ್ತಿತ್ತು. ತರೀಕೆರೆಯ ದನದ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಿದ್ದಾರೆ, ನಾಯಿಯನ್ನೂ ಮುಟ್ಟಿ ನೋಡುತ್ತಾರೆ ಎಂದು ಯಾರೋ ಹೇಳಿದ್ದರು. ಆಗಿನ ಕಾಲದಲ್ಲಿ ಎಲ್ಲರೂ ಹಾಗೆ ನೋಡುತ್ತಿರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬೀರೂರಿನಲ್ಲಿ ಇಳಿದು ಬಸ್ಸು ಹಿಡಿದು ತರೀಕೆರೆಗೆ ಹೋದೆ. ಆಸ್ಪತ್ರೆಯ ಅಂಗಳದಲ್ಲಿ ಅವರು ಎಮ್ಮೆಯೊಂದರ ಗೊರಸು ತೊಳೆಯುತ್ತಿದ್ದರು. ಗಡ್ಡ ಬಿಟ್ಟ, ನನಗಿಂತ ಐದಾರು ವರ್ಷ ದೊಡ್ಡವರಿರಬಹುದಾದ ಮನುಷ್ಯ. ಕೈ ಒರೆಸಿಕೊಳ್ಳದೆಯೇ ನನ್ನ ಮಾತನ್ನೆಲ್ಲ ಕೇಳಿದರು.

“ಹುಚ್ಚು ಬಂದಿದ್ದನ್ನ ವಾಸಿ ಮಾಡೋಕೆ ನನ್ ಕೈಲಾಗಲ್ಲ. ಬರದೇ ಇರೋ ಹಾಗೆ ಸೂಜಿ ಹಾಕಬಹುದು. ಹನ್ನೆರಡು ನಾಯೀನ ಬಸ್ಸಲ್ಲಿ ಇಲ್ಲಿಗೆ ಹೇಗೆ ತರ್ತೀರಿ?”

“ನೀವೇ ಬರೋಕಾಗುತ್ತಾ?”

“ಕಡೂರು ನನ್ನ ಹದ್ದಿಗೆ ಬರಲ್ಲ” ಎಂದರು. ಗೊರಸಿಗೆ ಇನ್ನೊಂದು ಚೊಂಬು ನೀರು ಹೊಯ್ದು, “ಭಾನುವಾರ ಮಾತ್ರ ನನ್ನದೇ. ಅದಕ್ಕೆ ಯಾರ ಅಪ್ಪಣೆನೂ ಬೇಡ” ಎಂದರು.

ಹಬ್ಬದ ಹಿಂದಿನ ಭಾನುವಾರ ಅವರು ಥರ್ಮಾಸ್ ಫ್ಲಾಸ್ಕಿನಲ್ಲಿ ಐಸು ತುಂಬಿ ಔಷಧಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದರು. ಅಜ್ಜನ ಮನೆಯ ಅಂಗಳದಲ್ಲಿ ನಾಯಿಗಳನ್ನು ಹಿಡಿದುಕೊಂಡು ಜನ ನಿಂತಿದ್ದರು. ಕುರಿ ಕಾಯುವವರ ದೊಡ್ಡ ನಾಯಿ ಸೂಜಿ ಕಂಡು ತನ್ನ ಯಜಮಾನನ ಬೆನ್ನ ಹಿಂದೆ ಅವಿತುಕೊಂಡಿತು. ನಮ್ಮ ನಾಯಿ ಡಾಕ್ಟರ ಗಡ್ಡ ನೆಕ್ಕಿತು. ಮಂಡಿಯ ಕಾವಲುಗಾರನೂ ಕರಿ ನಾಯಿಯನ್ನು ಎಳೆದುಕೊಂಡು ಬಂದ. “ಸಾವ್ಕಾರ್ರಿಗೆ ಹೇಳ್ಬ್ಯಾಡಿ ಕಣವ್ವ” ಎಂದು ನನ್ನ ಕಿವಿಯಲ್ಲಿ ಹೇಳಿದ. “ನೀನಾಗಿ ಕರ್ಕೊಂಡ್ ಬಂದೆ ಅಂತ ಹೇಳಲ್ಲ” ಎಂದೆ. ಡಾಕ್ಟರು ಒಂದೊಂದು ನಾಯಿಗೂ ಒಂದೊಂದು ಚೀಟಿ ಬರೆದು ರುಜು ಹಾಕಿದರು. ಊಟಕ್ಕೆ ನಿಲ್ಲಿ ಎಂದರೆ ನಿಲ್ಲಲಿಲ್ಲ.

ಅವ್ವ ಆ ವರ್ಷ ಹಬ್ಬಕ್ಕೆ ನನಗೊಂದು ಸೀರೆ ತೆಗೆಯಬೇಕೆಂದಿದ್ದಳು. ಸೀರೆ ಬೇಡ, ಬುಟ್ಟಿಗಾಗಲಿ ಎಂದೆ. ಅವಳು ಗೊಣಗಿದಳು, ಆದರೆ ತಡೆಯಲಿಲ್ಲ. ಮೇದರ ಕೇರಿಯಿಂದ ಹಸಿ ಬಿದಿರಿನ ಬುಟ್ಟಿ ಬಂದವು. ಮನೆಯ ಮಂದಿಗೆಂದು ಕಡುಬಿನ ಹಿಟ್ಟು, ಬೆಲ್ಲ, ಎರಡು ತೆಂಗಿನಕಾಯಿ, ಎಲೆ ಅಡಿಕೆ. ನಾಯಿಗೆಂದು ರಾಗಿ ಹಿಟ್ಟು, ನೀರಿಗೊಂದು ಮಣ್ಣಿನ ಬೋಗುಣಿ, ಉಣ್ಣೆಹುಳ ಹತ್ತದ ಹಾಗೆ ಮೈಗೆ ಸವರಲು ಒಂದು ಸಣ್ಣ ಸೀಸೆಯಲ್ಲಿ ಬೇವಿನೆಣ್ಣೆ. ಅವುಗಳ ಮೇಲೆ ಡಾಕ್ಟರ ಚೀಟಿ. ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ಮೊದಲು ಬೀಳುವ ಹಾಗೆ, ಬೆಲ್ಟು.

ಬೆಲ್ಟು ಮೇಲಿಟ್ಟಾಗ ಅವ್ವ ನಿಜವಾಗಿಯೂ ಕೆರಳಿದಳು.

“ಏನೇ ಇದು? ಎಲೆ ಅಡಿಕೆ ಪಕ್ಕ ಚರ್ಮ ಇಡ್ತಾರೇನೇ? ಯಾರ ಮನೇಲಿ ನೋಡಿದೀಯ? ತಾಂಬೂಲ ಕಣೇ ಅದು. ನಿಮ್ಮಪ್ಪ ಇದ್ದಿದ್ರೆ ಈ ಬುಟ್ಟೀನ ಹೊಸ್ಲು ದಾಟಕ್ ಬಿಡ್ತಿರ್ಲಿಲ್ಲ.”

ಅಪ್ಪ ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಮರುದಿನ ಉಳಿದ ಬೆಲ್ಟುಗಳನ್ನು ತರಲು ಹೋದಾಗ ಮೋಚಿಯ ಹತ್ತಿರ ಅವ್ವನ ಮಾತನ್ನು ಬಾಯಿ ತಪ್ಪಿ ಹೇಳಿಬಿಟ್ಟೆ. ಹೇಳಿದ ಮೇಲೆ ನಾಚಿಕೆಯಾಯಿತು. ಅವನು ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ದಾರಕ್ಕೆ ಮೇಣ ಹಚ್ಚುತ್ತಲೇ ಹೇಳಿದ.

“ಗುಡೀಲಿ ಮಂಗಳಾರ್ತಿ ಹೊತ್ನಾಗೆ ನಗಾರಿ ಬಾರುಸ್ತಾರಲ್ಲ, ಅದ್ರ ಮೈ ಯಾತರ್ದವ್ವ? ನಮ್ಮಪ್ಪ ಬಿಗಿದಿದ್ದು ಒಂದು ಇನ್ನೂ ಐತೆ. ಅದು ಒಳಗ್ ಹೋಯ್ತದೆ. ಬಿಗಿದೋನು ಈಚೆಗಿರ್ತಾನೆ.”

ಅವತ್ತು ಸಂಜೆ ಆ ಮಾತನ್ನು ಒಂದಕ್ಷರ ಬದಲಿಸದೆ ಅವ್ವನಿಗೆ ಒಪ್ಪಿಸಿದೆ. ಅವಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಹೊಸೆಯುತ್ತಲೇ ಇದ್ದಳು. ಅಷ್ಟು ಬತ್ತಿ ನಮ್ಮ ಮನೆಗೆ ಬೇಕಿರಲಿಲ್ಲ. ಊಟಕ್ಕೆ ಕೂತಾಗ ಅವಳ ಬಾಯಿಂದ ತಾನೇ ತಾನಾಗಿ ಮಾತು ಬಂತು.

“ನಮ್ ತವರಲ್ಲಿ ಮೈಲಾರಲಿಂಗನ ಹಬ್ಬಕ್ಕೆ ಗೊರವಯ್ಯ ಬರೋನು. ಕರಿ ಕಂಬಳಿ ಹೊದ್ದು, ನಾಯಿ ಹಂಗೆ ಬೊಗಳ್ಕೊಂಡು, ಮರದ ದೋಣಿ ಬಟ್ಟಲಲ್ಲಿ ಹಾಕಿದ್ದಕ್ಕೆ ಬಾಯಿ ಹಾಕಿ ಉಣ್ಣೋನು. ನಾವೆಲ್ಲ ಅವನ ಕಾಲಿಗೆ ಬೀಳೋರು.” ಸ್ವಲ್ಪ ಸಾರು ಬಡಿಸಿಕೊಂಡು, “ಇಡು. ಬೆಲ್ಟ್ ಮೇಲೇ ಇಡು” ಎಂದಳು.

ಮರುದಿನ ನೋಡಿದರೆ ಪ್ರತಿಯೊಂದು ಬುಟ್ಟಿಯಲ್ಲೂ ಹತ್ತಿಯ ಎರಡೆರಡು ಉಂಡೆಗಳಿದ್ದವು. ಯಾಕೆ ಎಂದು ಕೇಳಿದೆ. “ಪಟಾಕಿ ಸದ್ದಿಗೆ ಅವು ನಡುಗ್ತವಲ್ಲ. ಕಿವಿಗೆ ತುರುಕ್ಲಿ” ಎಂದಳು, ಏನೂ ದೊಡ್ಡ ವಿಷಯವಲ್ಲ ಎನ್ನುವ ಹಾಗೆ.

ಬಲಿಪಾಡ್ಯಮಿಯ ಹಿಂದಿನ ಮಧ್ಯಾಹ್ನ ಹನ್ನೆರಡು ಬುಟ್ಟಿಗಳನ್ನು ನಮ್ಮ ಬಾಗಿಲ ಮುಂದೆ ಸಾಲಾಗಿ ಇಟ್ಟು ಹೂವು ಸುತ್ತುತ್ತಿದ್ದೆ. ಸಾಹುಕಾರ್ರು ಮಂಡಿಯಿಂದ ಬಂದವರು ಅಲ್ಲಿಯೇ ನಿಂತರು.

“ಇದೆಲ್ಲ ಯಾರಿಗೆ?”

“ನಾಯಿ ಸಾಕಿದವರಿಗೆ.”

ಅವರು ಬಗ್ಗಿ ಒಂದು ಬೆಲ್ಟನ್ನು ನೋಡಿದರು. ಮುಟ್ಟಲಿಲ್ಲ. “ನನಗೆ ಎದುರು ನಿಲ್ಲೋಕೆ ಮಾಡ್ತಿದೀರಾ?”

“ಹೌದು” ಎಂದೆ. ಬೇರೆ ಏನಾದರೂ ಹೇಳಬಹುದಿತ್ತು. ಆದರೆ ಅದೇ ನಿಜವಾಗಿತ್ತು. “ಬೆಲ್ಟಿದ್ರೆ ಬಿಡ್ತೀವಿ ಅಂತ ನೀವೇ ಅಂದ್ರಿ. ಈಗ ಎಲ್ಲಕ್ಕೂ ಬೆಲ್ಟಿದೆ. ಸೂಜಿನೂ ಹಾಕಿಸಿದೆ. ಹಬ್ಬ ಆದ್ಮೇಲೆ ಬೋಂಡ ಹಾಕೋ ಹಾಗಿಲ್ಲ.”

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ನಮ್ಮ ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕೂತರು. ಅವರು ಅಲ್ಲಿ ಹಾಗೆ ಕೂತಿದ್ದನ್ನು ನಾನು ಎಂದೂ ನೋಡಿರಲಿಲ್ಲ.

“ನನಗೊಬ್ಳು ತಂಗಿ ಇದ್ಲು. ಏಳು ವರ್ಷದೋಳು. ನಾವಾಗ ಪಂಚನಹಳ್ಳೀಲಿದ್ವಿ. ಕಣದಲ್ಲಿ ನಾಯಿ ಕಚ್ತು. ಸುಣ್ಣ ಹಚ್ಚಿ ಮರೆತ್ವಿ. ಎರಡು ತಿಂಗಳಾದ್ಮೇಲೆ ನೀರು ಕಂಡ್ರೆ ಕಿರುಚೋಳು. ಬಾಯಾರಿಕೆ ಅಂತಲೇ ಅಳೋಳು, ಲೋಟ ಹತ್ರ ತಂದ್ರೆ ಕಿರುಚೋಳು. ಮೂರು ದಿನ. ನಾನು ಬಾಗಿಲಲ್ಲಿ ನಿಂತು ನೋಡ್ದೆ.” ಅವರು ನನ್ನ ಕಡೆ ನೋಡಿದರು. “ನಿಮಗೆ ನಾಯಿ ಮೇಲೆ ಪ್ರೀತಿ ಇದೆ. ಇರ್ಲಿ. ನನಗೆ ಯಾಕಿಲ್ಲ ಅಂತ ಗೊತ್ತಾಯ್ತಲ್ಲ.”

ಒಂದು ಕ್ಷಣ ಬುಟ್ಟಿಗಳನ್ನೆಲ್ಲ ಒಳಗೆ ಇಟ್ಟುಬಿಡೋಣ ಎನ್ನಿಸಿದ್ದೂ ನಿಜ. ಹಾಗೆ ಮಾಡಿದ್ದರೆ ಒಳ್ಳೆಯ ಹುಡುಗಿ ಎನ್ನಿಸಿಕೊಳ್ಳುತ್ತಿದ್ದೆ. ಆದರೆ ಖಾಕಿ ಕೋಟಿನಿಂದ ಹೊರಗಿದ್ದ ಆ ಕಿವಿ ಕಣ್ಣ ಮುಂದೆ ಬಂತು.

“ನಿಮ್ಮ ತಂಗಿಗೆ ಆಗಿದ್ದು ಇನ್ಯಾರಿಗೂ ಆಗಬಾರ್ದು” ಎಂದೆ. “ವಿಷ ಹಾಕಿದ್ರೆ ಇವತ್ತಿನ ನಾಯಿ ಸಾಯುತ್ತೆ, ನಾಳೆ ಬೇರೆ ಬೀದಿಯದು ಬಂದು ಕೂತ್ಕೊಳ್ಳುತ್ತೆ, ಅದಕ್ಕೆ ಹುಚ್ಚಿದೆಯೋ ಇಲ್ವೋ ಯಾರಿಗ್ ಗೊತ್ತು? ಸೂಜಿ ಹಾಕಿದ ನಾಯಿ ಈ ಬೀದೀಲಿದ್ರೆ ನಿಮ್ಮ ಮೊಮ್ಮಕ್ಕಳಿಗೇ ಕ್ಷೇಮ.” ಹನ್ನೊಂದನೆಯ ಬುಟ್ಟಿ ಎತ್ತಿ ಅವರ ಪಕ್ಕದಲ್ಲಿ ಇಟ್ಟೆ. “ಇದು ನಿಮ್ಮದು. ಮಂಡಿಯ ನಾಯಿಗೂ ಹಾಕಿಸಿದೀನಿ. ಚೀಟಿ ಅದರಲ್ಲೇ ಇದೆ.”

ಅವರು ಎದ್ದರು. “ಯಾರನ್ನ ಕೇಳಿ ಹಾಕಿಸಿದ್ರಿ?” ಎಂದಷ್ಟೇ ಕೇಳಿ, ಬುಟ್ಟಿ ಮುಟ್ಟದೆ ಹೊರಟುಹೋದರು. ನಾನೇ ಅದನ್ನು ಒಯ್ದು ಅವರ ಜಗಲಿಯ ಮೇಲಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ದನಗಳು ಬಣ್ಣದ ಕೊಂಬು ಆಡಿಸಿಕೊಂಡು ಹೋಗುತ್ತಿದ್ದಾಗ ನಾನೂ ಅಜ್ಜನೂ ಬುಟ್ಟಿ ಹೊತ್ತು ಹೊರಟೆವು. ಅವನು ತಲೆಗೆ ಹೊಸ ಟವೆಲ್ ಸುತ್ತಿಕೊಂಡಿದ್ದ. ಮೊದಲ ಬುಟ್ಟಿಯನ್ನು ನಾನು ಅವನ ಮುಂದೆಯೇ ಹಿಡಿದೆ. ಅದರಲ್ಲಿ ಬೆಲ್ಟಿರಲಿಲ್ಲ, ಚೀಟಿಯಿರಲಿಲ್ಲ.

“ನಂಗ್ಯಾಕವ್ವ? ನಾಯಿನೇ ಇಲ್ವಲ್ಲ.”

“ಇದು ನಾಯಿಗಲ್ಲ, ಸಾಕಿದೋರಿಗೆ. ನೀವು ಸಾಕಿದೋರು ತಾನೇ?”

ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಹೋದ. ತಿರುಗಿ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ನಾನು ಹೊರಗೆ ಕಾದೆ.

ಉಳಿದ ಮನೆಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಕುರಿ ಕಾಯುವವರ ಮನೆಯ ಹೆಂಗಸು ಬೆಲ್ಟನ್ನು ಮೊದಲು ತನ್ನ ಕೈಗೆ ಕಟ್ಟಿ ನೋಡಿ ನಕ್ಕಳು. ಒಂದು ಮನೆಯ ಯಜಮಾನ ಚರ್ಮ ಕಂಡು ಮುಖ ಸಿಂಡರಿಸಿ, ಅದನ್ನು ಕೋಲಿನ ತುದಿಯಿಂದ ಎತ್ತಿ ಪಕ್ಕಕ್ಕೆ ಇಟ್ಟ. ಬೆಲ್ಲ ಮಾತ್ರ ಒಳಗೆ ಹೋಯಿತು. “ಕಟ್ಟೋವರೆಗೂ ನಾನು ಇಲ್ಲಿಂದ ಕದಲಲ್ಲ” ಎಂದು ಅವನ ಜಗಲಿಯ ಮೇಲೆ ಕೂತೆ. ಕೊನೆಗೆ ಅವನ ಹೆಂಡತಿ ಬಂದು ಕಟ್ಟಿದಳು.

ಊರಂಚಿನ ಒಂದು ಮನೆಯ ಗೋಡೆಯಲ್ಲಿ ಬುದ್ಧನ ಪಟವಿತ್ತು. ಯಜಮಾನರು ಯಾವುದೋ ಆಫೀಸಿನಲ್ಲಿ ಗುಮಾಸ್ತರು. ಅವರ ಹೆಂಡತಿ ಬುಟ್ಟಿ ನೋಡಿ ಬಾಗಿಲಲ್ಲೇ ನಿಂತು ಹೇಳಿದರು, “ನಾವು ದೀಪಾವಳಿ ಮಾಡಲ್ಲ ಟೀಚರ್.”

“ನಾಯಿ ಇದೆಯಲ್ಲ, ಅಷ್ಟು ಸಾಕು.”

ಅವರು ನನ್ನ ಹಣೆಯ ವಿಭೂತಿಯನ್ನು ಒಮ್ಮೆ ನೋಡಿದರು. “ಹಂಗಾರೆ ಒಳಗ್ ಬಂದು ಕಾಫಿ ಕುಡಿದು ಹೋಗ್ತೀರಾ?” ಆ ಪ್ರಶ್ನೆಯನ್ನು ಅವರು ಎಷ್ಟು ಜನರಿಗೆ ಕೇಳಿದ್ದರೋ, ಎಷ್ಟು ಜನ ಹೊತ್ತಾಯಿತು ಎಂದಿದ್ದರೋ ಅದು ಅವರ ದನಿಯಲ್ಲೇ ಇತ್ತು. ಒಳಗೆ ಹೋಗಿ ಚಾಪೆಯ ಮೇಲೆ ಕೂತು ಕಾಫಿ ಕುಡಿದೆ. ಚೆನ್ನಾಗಿತ್ತು, ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡೆ. ನಾನು ಮನೆ ಸೇರುವ ಹೊತ್ತಿಗೆ ಆ ಕಾಫಿಯ ಸುದ್ದಿ ವಠಾರಕ್ಕೆ ನನಗಿಂತ ಮೊದಲೇ ತಲುಪಿತ್ತು.

ಸಂಜೆ ನಮ್ಮ ಬಾಗಿಲಲ್ಲಿ ಸಾಹುಕಾರ್ರಿಗೆ ಕೊಟ್ಟ ಬುಟ್ಟಿ ವಾಪಸ್ಸು ಬಂದು ಕೂತಿತ್ತು. ಹೂವು ಬಾಡಿತ್ತು, ಉಳಿದದ್ದೆಲ್ಲ ಇಟ್ಟ ಹಾಗೆಯೇ ಇತ್ತು. ಬೆಲ್ಲ, ಕಾಯಿ, ಬೆಲ್ಟು, ಹತ್ತಿ ಉಂಡೆ. ಒಂದೊಂದನ್ನೇ ತೆಗೆದು ನೋಡಿದೆ. ಡಾಕ್ಟರ ಚೀಟಿ ಮಾತ್ರ ಇರಲಿಲ್ಲ. ಅದನ್ನು ಅವರು ಇಟ್ಟುಕೊಂಡಿದ್ದರು.

ಹಬ್ಬ ಕಳೆದು ವಾರವಾಯಿತು, ತಿಂಗಳಾಯಿತು. ಬೋಂಡ ಬೀಳಲಿಲ್ಲ. ಬೆಲ್ಟಿಲ್ಲದ ನಾಯಿಗಳೂ ಆ ಬೀದಿಯಲ್ಲಿ ಇದ್ದವು, ಅವೂ ಉಳಿದವು. ಸಾಹುಕಾರ್ರು ಯಾಕೆ ಕೈ ಬಿಟ್ಟರು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾರ್ತಿಕದ ಕೊನೆಗೆ ಡಾಕ್ಟರು ಇನ್ನೊಂದು ಭಾನುವಾರ ಫ್ಲಾಸ್ಕು ಹಿಡಿದು ಬಂದಾಗ, ಸಾಕದೇ ಇದ್ದ ನಾಯಿಗಳನ್ನೂ ನಾಲ್ಕಾರು ಜನ ಹಿಡಿದುಕೊಂಡು ಬಂದಿದ್ದರು. ಕೋಲಿನಿಂದ ಬೆಲ್ಟು ಎತ್ತಿದ್ದ ಯಜಮಾನನೂ ಅವರಲ್ಲಿದ್ದ.

ನಮ್ಮನ್ನು ಮಾತ್ರ ಸಾಹುಕಾರ್ರು ಬಿಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅವ್ವನನ್ನು ಕರೆಸಿ, ಮನೆ ತಮ್ಮ ತಮ್ಮನ ಸಂಸಾರಕ್ಕೆ ಬೇಕಾಗಿದೆ ಎಂದರು. “ಕಾಫಿಗೋ, ಬುಟ್ಟಿಗೋ?” ಎಂದು ಅವ್ವ ಕೇಳಿದಳಂತೆ. ಮನೆ ಬಿಡುವ ದಿನ ಅವರು ಜಗಲಿಯಲ್ಲಿ ನಿಂತಿದ್ದರು. ಕ್ಷಮೆ ಕೇಳಿದರೆ ಇರಲು ಬಿಡುತ್ತಿದ್ದರು ಎಂದು ಆಮೇಲೆ ಹಲವರು ಹೇಳಿದರು. ಇರಬಹುದು. ನಾನು ಕೈ ಮುಗಿದೆ, ಕ್ಷಮೆ ಕೇಳಲಿಲ್ಲ. ತಪ್ಪು ಮಾಡಿದ್ದರೆ ಕೇಳುತ್ತಿದ್ದೆ.

ಅಜ್ಜಂಪುರದಲ್ಲಿಯೇ ಮನೆ ಹುಡುಕಿದೆವು. ಎರಡು ಕಡೆ ನಾಯಿಯ ಮಾತು ಬಂದ ಕೂಡಲೇ ಬಾಗಿಲು ಅರ್ಧ ಮುಚ್ಚಿಕೊಂಡಿತು. ಎರಡನೆಯ ಕಡೆ ನಾನು ಮೆತ್ತಗೆ ಏನೋ ಸಮಜಾಯಿಷಿ ಹೇಳಲು ಹೊರಟಿದ್ದೆ. ಅವ್ವ ನನ್ನ ತೋಳು ಹಿಡಿದು, “ನಡಿಯೇ, ಬೇರೆ ನೋಡನ” ಎಂದು ಎಳೆದುಕೊಂಡು ಬಂದಳು. ಮೂರನೆಯದು ಅಕ್ಕಿ ಗಿರಣಿಯ ಹಿಂದಿನ ಹೆಂಚಿನ ಮನೆ. ಮನೆಯೊಡತಿ ವಯಸ್ಸಾದ ಹೆಂಗಸು, ಹೆಚ್ಚು ಮಾತಿನವರಲ್ಲ. ನಮ್ಮ ನಾಯಿಯನ್ನು ತಲೆಯಿಂದ ಬಾಲದವರೆಗೆ ನೋಡಿ ಕೇಳಿದರು, “ಕಚ್ತದಾ?”

“ವಿಷ ಹಾಕ್ದೋರ್ನೂ ಇನ್ನೂ ಕಚ್ಚಿಲ್ಲ” ಎಂದಳು ಅವ್ವ.

ಆಕೆ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಅವ್ವನ ಅಂಗೈಯಲ್ಲಿ ಇಟ್ಟರು.